ಗೋಡೆಗೆ ಮೂಗಿಲ್ಲ

ಹೋದ ಹಂಗಾಮಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಗಾಳಿ ಪರೀಕ್ಷೆಗೆ ಹೋಗಿದ್ದೆ. ಕಾಫಿ ಜೊತೆಗೆ ಹಿಂದಿನ ವರ್ಷದ ವರದಿಯನ್ನೂ ಮುಂದಿಟ್ಟರು. ಸಲ್ಫರ್ ಡೈಆಕ್ಸೈಡ್ ಅನಿಲ 0.4 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 0.4 ಪಾಲು), ಮಿತಿ 2. "ಎಲ್ಲಾ ಸರಿ ಇದೆ ಸರ್, ಸುಮ್ನೆ ಒಂದು ಸಲ ನೋಡಿಬಿಡಿ" ಎಂದರು. ಈ 0.4 ಸಿಕ್ಕಿದ್ದು ಎಲ್ಲಿ ಎಂದು ಕೇಳಿದೆ. ಗಂಧಕ ಸುಡುವ ಶೆಡ್ಡಿನ ಬಾಗಿಲ ಪಕ್ಕದ ಗೋಡೆಯಲ್ಲಂತೆ. ಯಾಕೆ ಅಲ್ಲಿ? ಪ್ಲಗ್ ಪಾಯಿಂಟ್ ಇದ್ದದ್ದು ಅಲ್ಲೇ.

ಸಕ್ಕರೆಗೂ ಈ ಅನಿಲಕ್ಕೂ ಏನು ಸಂಬಂಧ ಎನ್ನುವವರಿಗೆ ಎರಡು ಮಾತು. ನಾವು ಕಾಫಿಗೆ ಹಾಕುವ ಬಿಳಿ ಸಕ್ಕರೆಯಲ್ಲಿ ಬಹುಪಾಲು ಗಂಧಕದ ಸಹಾಯದಿಂದಲೇ ಬಿಳಿಯಾಗಿದ್ದು. ಗಂಧಕವನ್ನು ಕುಲುಮೆಯಲ್ಲಿ ಸುಡುತ್ತಾರೆ. ಬರುವ ಅನಿಲವನ್ನು ಸುಣ್ಣದ ಹಾಲು ಬೆರೆಸಿದ ಕಬ್ಬಿನ ರಸಕ್ಕೆ ಹಾಯಿಸುತ್ತಾರೆ. ಕೊಳೆ ತಳಕ್ಕೆ ಇಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ. ಎಲ್ಲವೂ ಪೈಪಿನೊಳಗೇ ನಡೆದರೆ ತೊಂದರೆಯಿಲ್ಲ. ಆದರೆ ಹಳೇ ಕುಲುಮೆಗಳಲ್ಲಿ ಮುಚ್ಚಳ ತೆಗೆದು, ಸಲಿಕೆಯಲ್ಲಿ ಗಂಧಕ ತುಂಬಬೇಕು. ಕುಲುಮೆ ಜಾಸ್ತಿ ಕಾದರೆ ಗಂಧಕ ಆವಿಯಾಗಿ ಮುಂದೆ ಹೋಗಿ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಆಗ ಯಾರಾದರೂ ಪೈಪ್ ಬಿಚ್ಚಿ ಕೆರೆಯಲೇಬೇಕು.

ಆ ಶೆಡ್ಡಿನಲ್ಲಿದ್ದ ಹಿರಿಯರೊಬ್ಬರು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡಿದ್ದರು. "ವಾಸನೆ ಬರಲ್ವಾ ಯಜಮಾನ್ರೇ?" ಎಂದೆ. "ಅಭ್ಯಾಸ ಆಗೋಗದೆ ಸಾ, ವಾಸ್ನೆನೇ ಬರಾಕಿಲ್ಲ." ಹೊಸಬನಾದ ನನಗೆ ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ಅವರ ಮೂಗು ಸೋತಿತ್ತು, ಅಷ್ಟೆ. ಶ್ವಾಸನಾಳಕ್ಕೆ ಅಂಥ ಅಭ್ಯಾಸ ಆಗುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಈ ಅನಿಲ ಮೂಗು, ಗಂಟಲಿನ ತೇವದಲ್ಲಿ ಕರಗಿ ಆಮ್ಲವಾಗುತ್ತದೆ. ಸಲಿಕೆ ಹಿಡಿದು ದುಡಿಯುವವರು ಬಾಯಲ್ಲೇ ಉಸಿರಾಡುತ್ತಾರಲ್ವಾ? ಆಗ ಮೂಗಿನಲ್ಲಿ ಹೀರಿಹೋಗಬೇಕಾದದ್ದು ನೇರ ಒಳಗೆ ಇಳಿಯುತ್ತದೆ. ಅಸ್ತಮಾ ಇರುವವರಿಗೆ ಅರ್ಧ ಪಿಪಿಎಂ ಇದ್ದರೂ ದುಡಿಯುವಾಗ ಕೆಲವೇ ನಿಮಿಷಗಳಲ್ಲಿ ಎದೆ ಬಿಗಿಯಬಹುದು. ಇನ್ನು ಒದ್ದೆ ಟವೆಲ್: ಸ್ವಲ್ಪ ಅನಿಲ ಹೀರುತ್ತದೆ ನಿಜ, ಆಮೇಲೆ ಅದೇ ಆಮ್ಲದ ಬಟ್ಟೆಯಾಗಿ ಮೂಗಿಗೆ ಅಂಟಿಕೊಂಡಿರುತ್ತದೆ. ಧೂಳಿನ ಮಾಸ್ಕ್ ಅಷ್ಟೂ ಮಾಡುವುದಿಲ್ಲ. ಆಮ್ಲ ಅನಿಲಕ್ಕೆಂದೇ ಮಾಡಿದ ಕಾರ್ಟ್ರಿಜ್ (ಅನಿಲ ಹೀರುವ ಡಬ್ಬಿ) ಇರುವ ಮುಖವಾಡವೇ ಬೇಕು. ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ.

ಯಜಮಾನರ ಕಾಲರಿಗೆ, ಮೂಗಿನಿಂದ ಒಂದು ಗೇಣು ದೂರದಲ್ಲಿ, ನಿಮಿಷ ನಿಮಿಷದ ಲೆಕ್ಕ ಬರೆದಿಡುವ ಚಿಕ್ಕ ಮೀಟರ್ ಸಿಕ್ಕಿಸಿದೆ. ಮೊದಲು ಗೊತ್ತಿರುವ ಅನಿಲ ತೋರಿಸಿ, ಮೀಟರ್ ಸರಿಯಾಗಿ ಕೂಗುತ್ತದೆಯೇ ಎಂದು ನೋಡಿಕೊಂಡೆ. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ. ಸೆನ್ಸರ್ ಸತ್ತಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ.

ಸಿಕ್ಕ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡು ಮಾಡಿ ಹೇಳುತ್ತೇನೆ. ಮುಚ್ಚಳ ತೆಗೆದಿದ್ದ 10 ನಿಮಿಷ 20 ಪಿಪಿಎಂ. ಪಾಳಿಯ ಉಳಿದ 470 ನಿಮಿಷ 0.3. ಎಂಟು ಗಂಟೆಗೆ ಹಂಚಿದರೆ ಸರಾಸರಿ 0.7. ಪಾಸ್! ಆದರೆ ಮುಚ್ಚಳ ತೆಗೆದಾಗಿನ 15 ನಿಮಿಷವನ್ನು ಮಾತ್ರ ತೆಗೆದುಕೊಂಡರೆ ಸರಾಸರಿ 13 ದಾಟುತ್ತದೆ. ಕಾರ್ಖಾನೆ ಕಾಯ್ದೆಗೆ ಭೋಪಾಲ್ ದುರಂತದ ನಂತರ, 1987ರಲ್ಲಿ ಸೇರಿಸಿದ ಪಟ್ಟಿಯಲ್ಲಿ ಈ ಅನಿಲಕ್ಕೆ ಎರಡು ಮಿತಿಗಳನ್ನು ಕೊಟ್ಟಿದ್ದರು: ಎಂಟು ಗಂಟೆಗೆ 2, ಹದಿನೈದು ನಿಮಿಷಕ್ಕೆ 5. ಮೊದಲನೆಯದನ್ನು ಎಲ್ಲರೂ ಓದುತ್ತಾರೆ. ಎರಡನೆಯದು ಪಕ್ಕದ ಕಾಲಮ್ಮಿನಲ್ಲೇ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದ ತಜ್ಞರ ಸಂಘವೊಂದು 2009ರಲ್ಲೇ ಹದಿನೈದು ನಿಮಿಷದ ಮಿತಿಯನ್ನು 0.25ಕ್ಕೆ ಇಳಿಸಿದೆ. ಹಾಗೆ ನೋಡಿದರೆ ಗೋಡೆಯ ಆ 0.4 ಕೂಡ ಖುಷಿಪಡುವ ಅಂಕಿಯಲ್ಲ.

ಆ ಕಾರ್ಖಾನೆಯವರು ಮಾತು ಕೇಳಿದರು ಅನ್ನಬೇಕು. ಈಗ ಮುಚ್ಚಳ ತೆಗೆಯದೆ ಮೇಲಿನಿಂದಲೇ ಗಂಧಕ ಬೀಳುವ ಹಾಗೆ ಹಾಪರ್ ಹಾಕಿದ್ದಾರೆ. ಪೈಪ್ ಕೆರೆಯುವ ಕೆಲಸ ಮಾತ್ರ ಇನ್ನೂ ಹಾಗೇ ಇದೆ.

ಕಾರ್ಖಾನೆಗಾದರೂ ನನ್ನಂಥವರು ಹೋಗುತ್ತಾರೆ. ಆಲೆಮನೆಗೆ? ಬೆಲ್ಲ ಹೊಂಬಣ್ಣ ಬರಲಿ ಎಂದು ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಎಂಬ, ಗಂಧಕ ಸೇರಿದ ಪುಡಿ ಎರಚುವುದುಂಟು. ಬಿಸಿ ರಸದಲ್ಲಿ ಅದು ಒಡೆದು ಇದೇ ಅನಿಲ ಹಬೆಯ ಜೊತೆ ಮೇಲೇಳುತ್ತದೆ. ಎರಚಿದವನು ಬಣ್ಣ ಬಂತೇ ಎಂದು ಅದರ ಮೇಲೇ ಬಗ್ಗಿ ನೋಡುತ್ತಾನೆ. ತಿನ್ನುವ ಬೆಲ್ಲದಲ್ಲಿ ಗಂಧಕ ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡುವವರಿದ್ದಾರೆ. ಬಗ್ಗಿದವನ ಮೂಗಿಗೆ ಹೋದದ್ದನ್ನು ಕೇಳುವವರಿಲ್ಲ. ಮದ್ದೂರು ಕಡೆಯ ಒಂದು ಆಲೆಮನೆಯಲ್ಲಿ ನನ್ನ ಮೀಟರ್ ಜೇಬಿನಲ್ಲೇ ಕೂಗತೊಡಗಿತು. ಮಾಲೀಕರು ಓಡಿಬಂದರು. "ಮೊದ್ಲು ಅದನ್ನ ನಿಲ್ಸಿ ಸಾ, ಗಿರಾಕಿ ಬಂದವ್ರೆ."