ಲೆಕ್ಕ 49ಕ್ಕೇ ನಿಂತರೆ ಅಜ್ಜಿ ಎಲ್ಲಿ?

ಪಿಂಚಣಿ ಕೊಡುವ ದಿನ ನಮ್ಮೂರಲ್ಲಿ ಒಬ್ಬ ಅಜ್ಜಿಯನ್ನು ನೋಡಿದ್ದೆ. ಬೆರಳನ್ನು ಸೆರಗಿಗೆ ಒರೆಸಿ ಯಂತ್ರದ ಮೇಲೆ ಒತ್ತಿದರು, ತಗೊಳ್ಳಲಿಲ್ಲ. ಇನ್ನೊಂದು ಬೆರಳು ಇಟ್ಟರು, ಅದೂ ಇಲ್ಲ. ಕಳೆ ಕಿತ್ತು, ಪಾತ್ರೆ ತಿಕ್ಕಿ ಗೆರೆಗಳೇ ಸವೆದುಹೋಗಿದ್ದವು. 'ನಾಳೆ ಬಾರಜ್ಜಿ' ಅಂದು ಕಳಿಸಿದರು.

ಹಿರಿಯರು ಹೀಗೆ ಲೆಕ್ಕದಿಂದ ಜಾರಿಹೋಗುವುದು ಹೊಸದೇನಲ್ಲ. ವೃದ್ಧಾಪ್ಯದ ಬಗ್ಗೆ ಮೊದಲ ವಿಶ್ವ ಸಮ್ಮೇಳನ ನಡೆದದ್ದು 1982ರಲ್ಲಿ, ವಿಯೆನ್ನಾದಲ್ಲಿ. 1991ರಲ್ಲಿ ವಿಶ್ವಸಂಸ್ಥೆ ಹಿರಿಯರಿಗಾಗಿ 18 ತತ್ವಗಳನ್ನು ಒಪ್ಪಿತು, ಸಮಾಜದಲ್ಲಿ ಪಾಲ್ಗೊಳ್ಳುವುದು ಅವರ ಹಕ್ಕು ಅನ್ನುವುದೂ ಅದರಲ್ಲಿತ್ತು. ಆದರೆ 2000ದ ನಂತರ ಬಂದ ವಿಶ್ವಸಂಸ್ಥೆಯ ಸಹಸ್ರಮಾನದ ಎಂಟು ಅಭಿವೃದ್ಧಿ ಗುರಿಗಳಲ್ಲಿ ಅವರಿಗೆ ಅಂತ ಒಂದು ಸಾಲೂ ಇರಲಿಲ್ಲ. 2002ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಎರಡನೇ ವಿಶ್ವ ಸಮ್ಮೇಳನದ ಯೋಜನೆ 'ಹಿರಿಯರು ಮತ್ತು ಅಭಿವೃದ್ಧಿ'ಯನ್ನು ಮೊದಲ ಆದ್ಯತೆ ಮಾಡಿತು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಪೌಷ್ಟಿಕತೆ, ಸಾರಿಗೆ, ಸಾರ್ವಜನಿಕ ಜಾಗಗಳ ವಿಷಯ ಬಂದಾಗ ಅವರ ಹೆಸರು ಕೊನೆಗೂ ಬಂತು.

ಹೆಸರು ಬಂದರೆ ಸಾಕಾ? ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನು ಕೂರಿಸಿ ವಿವರವಾಗಿ ಮಾತಾಡಿಸುವುದು 15ರಿಂದ 49 ವಯಸ್ಸಿನವರೆಗೆ ಮಾತ್ರ. ಹೆರಿಗೆ, ಮಕ್ಕಳ ಆರೋಗ್ಯ ತಿಳಿಯುವುದೇ ಅದರ ಮುಖ್ಯ ಉದ್ದೇಶ, ಸರಿ. ಆದರೆ ಐವತ್ತು ದಾಟಿದವರ ಕಷ್ಟ ಯಾರು ಕೇಳಬೇಕು? 45 ದಾಟಿದವರಿಗಾಗಿಯೇ ದೇಶವ್ಯಾಪಿ ದೊಡ್ಡ ಸಮೀಕ್ಷೆ ಶುರುವಾಗಲು 2017 ಬರಬೇಕಾಯಿತು.

ಬಡ ಹಿರಿಯರ ವೃದ್ಧಾಪ್ಯ ಪಿಂಚಣಿಯ ಕಥೆಯೂ ಹೀಗೇ. 1995ರ ಆಗಸ್ಟ್ 15ರಂದು ಕೇಂದ್ರ ತಿಂಗಳಿಗೆ 75 ರೂಪಾಯಿಯಿಂದ ಶುರು ಮಾಡಿತು. ಆಮೇಲೆ 200 ಆಯಿತು. 80 ದಾಟದವರಿಗೆ ಕೇಂದ್ರದ ಪಾಲು ವರ್ಷಗಟ್ಟಲೆ ಅಲ್ಲೇ ನಿಂತಿತು, ಮೇಲಿನದ್ದು ರಾಜ್ಯಗಳು ಸೇರಿಸಬೇಕು. ನನ್ನ ಪ್ರಕಾರ ಇದು ತೀರಾ ಕಮ್ಮಿ.

ಅದಕ್ಕಿಂತ ನೋವಾಗುವುದು ಇನ್ನೊಂದು: ಹಿರಿಯರು ಅಂದರೆ ಬರೀ ತಗೊಳ್ಳುವವರು ಅಂತ ನಾವು ತಿಳಿದಿದ್ದೇವೆ. ಅಂಕೋಲಾದ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದರು, ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಅನ್ನುವುದು ಅವರಿಗೆ ಕರಗತ. ಪದ್ಮಶ್ರೀ ಬರುವಾಗ ಎಪ್ಪತ್ತು ದಾಟಿದ್ದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅಂಥ ತಿಳಿವಳಿಕೆ ಬರೆದಿಡಲು ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡ, ಬೀಜ, ಔಷಧಿಗಳನ್ನು ಅದು ದಾಖಲಿಸಬೇಕು. ಸುಮ್ನೆ ಕಚೇರಿಯಲ್ಲಿ ಕೂತು ತುಂಬುವ ಪುಸ್ತಕ ಅಲ್ಲ ಅದು. ಜಗಲಿ ಮೇಲೆ ಹಿರಿಯರ ಪಕ್ಕ ಕೂತು ಬರೆಯಬೇಕು. ಆ ಅಜ್ಜಿಯನ್ನೂ ಕೇಳಬೇಕು, ಮಳೆ ತಡವಾದರೆ ಯಾವ ರಾಗಿ ಬಿತ್ತುತ್ತಿದ್ದರು ಅಂತ. ಅದಕ್ಕೆ ಬೆರಳಚ್ಚು ಬೇಕಾಗಿಲ್ಲ.