ಚೆನ್ನಾಗಿ ತಿನ್ನುವ ಬೆಕ್ಕು ಬಡವಾಗುತ್ತಿದ್ದರೆ

"ಊಟ ಚೆನ್ನಾಗೇ ಮಾಡ್ತಾಳೆ ಡಾಕ್ಟ್ರೇ, ಆದ್ರೂ ಯಾಕೋ ಸೊರಗಿದಾಳೆ." ವಯಸ್ಸಾದ ಬೆಕ್ಕನ್ನು ತಂದವರು ಹೀಗೆಂದರೆ ನನಗೆ ಆತಂಕ ಹುಟ್ಟಿಸುವುದು ಅವರ ಮೊದಲ ಮಾತೇ. ಬೆಕ್ಕು ಊಟ ಬಿಟ್ಟರೆ ಮನೆಯವರು ಓಡಿ ಬರುತ್ತಾರೆ. ತಟ್ಟೆ ಖಾಲಿಯಾಗುತ್ತಿದ್ದರೆ ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ.

ಹತ್ತು ವರ್ಷ ದಾಟಿದ ಬೆಕ್ಕಾದರೆ ನನ್ನ ಮೊದಲ ಅನುಮಾನ ಥೈರಾಯ್ಡ್ ಮೇಲೆ. ಕುತ್ತಿಗೆಯಲ್ಲಿರುವ ಈ ಗ್ರಂಥಿ ದಪ್ಪಗಾಗಿ ಹಾರ್ಮೋನನ್ನು ಅತಿಯಾಗಿ ಸುರಿಸತೊಡಗುತ್ತದೆ. ಹೆಚ್ಚಿನ ಬೆಕ್ಕುಗಳಲ್ಲಿ ಅದು ಕ್ಯಾನ್ಸರ್ ಅಲ್ಲ. ಆದರೆ ದೇಹ ತಿಂದದ್ದನ್ನೆಲ್ಲ ಉರಿಸಿ, ಸಾಲದೆ ತನ್ನ ಸ್ನಾಯುವನ್ನೂ ಕರಗಿಸುತ್ತದೆ. ಹಸಿವು ಹೆಚ್ಚುತ್ತದೆ, ರಾತ್ರಿ ಕೂಗಾಟ ಶುರುವಾಗುತ್ತದೆ, ಆಗಾಗ ವಾಂತಿಯಾಗುತ್ತದೆ. ಮುದಿ ಬೆಕ್ಕು ಮತ್ತೆ ಮರಿಯಂತೆ ಜಿಗಿದಾಡುವುದನ್ನು ಕಂಡು ಮನೆಯವರಿಗೆ ಖುಷಿ. ಒಳಗೆ ಹೃದಯ ಓಡುತ್ತಿರುತ್ತದೆ, ರಕ್ತದೊತ್ತಡ ಏರಿರುತ್ತದೆ.

ರಕ್ತದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಮಟ್ಟ ನೋಡಿದರೆ ಸಾಮಾನ್ಯವಾಗಿ ಕಾಯಿಲೆ ಗೊತ್ತಾಗುತ್ತದೆ. ಆರಂಭದಲ್ಲಿ ಅದು ಸರಿಯಾಗಿಯೇ ಕಾಣಬಹುದು. ಲಕ್ಷಣ ಮುಂದುವರಿದರೆ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್ ಮಾತ್ರೆಯಲ್ಲಿ ಕಾಯಿಲೆ ಹತೋಟಿಗೆ ಬರುತ್ತದೆ. ಥೈರಾಯ್ಡ್ ಇಳಿದಾಗ, ಅದುವರೆಗೆ ಮುಚ್ಚಿಹೋಗಿದ್ದ ಕಿಡ್ನಿ ತೊಂದರೆ ಬಯಲಾಗುವುದುಂಟು. ಹಾಗಾಗಿ ಮಾತ್ರೆ ಶುರುವಾದ ಮೇಲೆ ಟಿ4 ಜೊತೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ ನೋಡಲೇಬೇಕು. ಇನ್ನೊಂದು ಮಾತು: ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನೋ ಅಜ್ಜಿಯೋ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಅದು ಹೆಚ್ಚಾಗಿ ಹಾರ್ಮೋನು ಕಡಿಮೆಯಾದವರಿಗೆ ಕೊಡುವ ಥೈರಾಕ್ಸಿನ್. ಬೆಕ್ಕಿನದು ಅದರ ತದ್ವಿರುದ್ಧ ಕಾಯಿಲೆ, ದಯವಿಟ್ಟು ಆ ಮಾತ್ರೆ ಕೊಡಬೇಡಿ.

ಹಸಿವಿನ ಜೊತೆಗೆ ನೀರು ಕುಡಿಯುವುದೂ ಉಚ್ಚೆ ಹೊಯ್ಯುವುದೂ ಹೆಚ್ಚಾಗಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ಸ್ಥೂಲಕಾಯದ, ಸಂತಾನಹರಣ ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಆಸ್ಪತ್ರೆಯ ಗಾಬರಿಗೇ ಬೆಕ್ಕಿನ ಸಕ್ಕರೆ ಏರಿಬಿಡುವುದರಿಂದ ಒಂದೇ ರಕ್ತಪರೀಕ್ಷೆಯಿಂದ ನಾನು ತೀರ್ಮಾನಕ್ಕೆ ಬರುವುದಿಲ್ಲ. ಉಚ್ಚೆಯನ್ನೂ, ಹಿಂದಿನ ಕೆಲವು ವಾರಗಳ ಸಕ್ಕರೆಯ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಅನ್ನೂ ನೋಡುತ್ತೇನೆ. ಬೇಗ ಇನ್ಸುಲಿನ್ ಶುರು ಮಾಡಿ ಪಿಷ್ಟ ಕಡಿಮೆ ಇರುವ ಆಹಾರ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುತ್ತದೆ. ಕರುಳಿನ ಉರಿಯೂತ, ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಹೀಗೆ ತೂಕ ತಿನ್ನುತ್ತವೆ. ಮರಿಗಳಲ್ಲಾದರೆ ಮೊದಲು ಜಂತುಹುಳು. ಬರೀ ಹಾಲನ್ನ, ಮೊಸರನ್ನದ ಮೇಲೆ ಬೆಳೆದ ಬೆಕ್ಕಿಗೆ ಹೊಟ್ಟೆ ತುಂಬಿದರೂ ಮಾಂಸದ ಪ್ರೋಟೀನು, ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಕ್ಕಿರುವುದಿಲ್ಲ.

ಇದನ್ನೆಲ್ಲ ಬೇಗ ಹಿಡಿಯಲು ಒಂದು ತೂಕದ ಯಂತ್ರ ಸಾಕು. ನಾಲ್ಕು ಕೆಜಿ ಬೆಕ್ಕು 400 ಗ್ರಾಂ ಇಳಿದರೆ ಅರವತ್ತು ಕೆಜಿ ಮನುಷ್ಯ ಆರು ಕೆಜಿ ಇಳಿದಂತೆ. ತುಪ್ಪಳದಡಿ, ಜೋತುಬಿದ್ದ ಹೊಟ್ಟೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಮಕ್ಕಳನ್ನು ತೂಗುವ ಯಂತ್ರದಲ್ಲಿ ತಿಂಗಳಿಗೊಮ್ಮೆ ತೂಗಿ ಬರೆದಿಡಿ. ಬೆನ್ನುಮೂಳೆಯ ಮೇಲೆ ಕೈಯಾಡಿಸಿ, ಗಂಟುಗಳು ಚೂಪಾಗಿ ಸಿಗುತ್ತಿವೆಯೇ ನೋಡಿ.

ದಪ್ಪ ಬೆಕ್ಕಿನ ಮಾತು ಬೇರೆ. ತೂಕ ಇಳಿಸಲೆಂದು ಅದನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೂ ಕೊಬ್ಬು ಪಿತ್ತಜನಕಾಂಗಕ್ಕೆ ನುಗ್ಗಿ ಜೀವಕ್ಕೇ ಅಪಾಯವಾಗಬಹುದು. ಇಡೀ ದಿನ ತಟ್ಟೆ ಮುಟ್ಟದಿದ್ದರೆ ಮಾರನೆಯ ಬೆಳಿಗ್ಗೆಯೇ ಕರೆತನ್ನಿ. ಕಿವಿಯ ಒಳಭಾಗವೋ ವಸಡೋ ಹಳದಿಯಾಗಿದ್ದರೆ ಬೆಳಿಗ್ಗೆಗೂ ಕಾಯಬೇಡಿ.