ಐದು ವರ್ಷಕ್ಕೇ ಎಲ್ಲಾ ಮುಗೀತಾ? ಹದಿಹರೆಯದ ಮೆದುಳಿನ ಹಿಂದಿನ ಕಥಿ

ಮಳಿ ಕೈಕೊಟ್ಟ ವರ್ಷ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡಿ ಮಂದಿ ಬೆಂಗ್ಳೂರು ಬಸ್ ಹತ್ತಿ ಗುಳೆ ಹೋಗ್ತಾರ, ಮಕ್ಕಳು ಕೆಲವ್ರು ಅಜ್ಜಿ ಹತ್ರ ಉಳೀತಾರ, ಕೆಲವ್ರು ಅಪ್ಪ ಅವ್ವನ ಜೊತಿ ಕಟ್ಟಡದ ಶೆಡ್ಡಿನಾಗ ಬೆಳೀತಾರ. ಇಂಥ ಹುಡುಗ್ರು ಹೈಸ್ಕೂಲಿಗೆ ಬಂದ್ರ ಕೇಳೋ ಮಾತು ಒಂದೇ, ಮೆದುಳು ಐದಾರು ವರ್ಷಕ್ಕೇ ಬೆಳ್ದು ಮುಗದಿರತೈತಿ, ಇನ್ನೇನ್ ಮಾಡಾಕ ಬರಂಗಿಲ್ಲ ಅಂತ. ಆರು ವರ್ಷಕ್ಕ ಮೆದುಳಿನ ಗಾತ್ರ ದೊಡ್ಡೋರದ್ರ ಸುಮಾರು 90% ಆಗಿರತೈತಿ ಅನ್ನೋದು ಖರೇ, ಸಣ್ಣ ಮಕ್ಕಳ ಊಟ ಆರೈಕಿ ಮುಖ್ಯ ಅನ್ನೋದೂ ಖರೇ. ಆದ್ರ ಗಾತ್ರ ಬೇರೆ, ಒಳಗಿನ ಜೋಡಣಿ ಬೇರೆ.

ಈ ವಿಷಯದಾಗ ಮೊದಲು ತಲಿ ಕೆಡಿಸ್ಕೊಂಡೋರ ಪೈಕಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಒಬ್ರು. ಹವಾಯಿಯ ಕವಾಯಿ ದ್ವೀಪದಾಗ 1955ರಾಗ ಹುಟ್ಟಿದ 698 ಮಕ್ಕಳನ್ನ ಅವ್ರೂ ಅವ್ರ ಜೊತಿಯವ್ರೂ ದಶಕಗಟ್ಲೆ ನೋಡಿದ್ರು. ಬಡತನ, ಮನ್ಯಾಗ ಜಗಳ, ಕುಡಿತ, ಮಾನಸಿಕ ಕಾಯ್ಲೆ ಇಂಥವು ಒಂದಕ್ಕಿಂತ ಜಾಸ್ತಿ ಇದ್ದ ಮಕ್ಕಳಾಗ ಮೂರನೇ ಒಂದು ಭಾಗ ಚಲೋನೇ ಬೆಳದ್ವು, ಅವಕ್ಕ ಮನ್ಯಾಗೋ ಹೊರಗೋ ನಂಬಾಕ ಒಬ್ಬ ದೊಡ್ಡ ಮನಷ್ಯಾ ಇದ್ದ. ನನಗ ಅದಕ್ಕಿಂತ ದೊಡ್ಡದು ಅನ್ಸಿದ್ದು ಏನಂದ್ರ, ಹದಿಹರೆಯದಾಗ ದಾರಿ ತಪ್ಪಿದ್ದ ಭಾಳ ಮಂದಿ ಮೂವತ್ತು ನಲವತ್ತಕ್ಕ ಬರೋದ್ರಾಗ ಸುಧಾರಿಸ್ಕೊಂಡಿದ್ರು.

1998ರಾಗ ಅಮೆರಿಕದ ಡಾಕ್ಟರ್ ಫೆಲಿಟಿ ಮತ್ತ ಆಂಡಾ ಅವ್ರ ಸ್ಟಡಿ ಬಂತು, ಬಾಲ್ಯದ ಕಷ್ಟ ಎಣಿಸಿ ಒಂದು ಸ್ಕೋರ್ ಮಾಡಿದ್ರ ಅದು ಮುಂದಿನ ಹೃದಯದ ಕಾಯ್ಲೆ, ಖಿನ್ನತಿ, ಚಟ ಎಲ್ಲದ್ರ ಜೊತಿ ತಾಳೆ ಆಗತೈತಿ ಅಂತ. ಮುಖ್ಯವಾದ ಕೆಲ್ಸಾನೇ, ಆದ್ರ ಮಂದಿ ಅದನ್ನ ಜಾತಕದಂಗ ಓದಾಕ ಹತ್ತಿದ್ರು. ಕಡೀಗೆ 2020ರಾಗ ಆಂಡಾ ಅವ್ರೇ ಬರದ್ರು, ಈ ಸ್ಕೋರ್ ಇಟ್ಕೊಂಡು ಒಬ್ಬೊಬ್ಬರ ಭವಿಷ್ಯ ಹೇಳಬ್ಯಾಡ್ರಿ ಅಂತ.

ಅತ್ತ ರೊಮೇನಿಯಾದಾಗ 1989ರಾಗ ಸರ್ವಾಧಿಕಾರಿ ಚೌಷೆಸ್ಕು ಅಧಿಕಾರದಿಂದ ಬಿದ್ದ ಮ್ಯಾಲೆ ಅಲ್ಲಿನ ಅನಾಥಾಲಯಗಳ ಪರಿಸ್ಥಿತಿ ಜಗತ್ತಿಗೆ ಗೊತ್ತಾತು. ಅಲ್ಲಿಂದ ಇಂಗ್ಲೆಂಡಿಗೆ ದತ್ತು ಹೋದೋರ ಮೆದುಳು ದೊಡ್ಡೋರಾದ ಮ್ಯಾಲೂ, ಅಂಥ ಕಷ್ಟ ಕಾಣದ ದತ್ತು ಮಕ್ಕಳದ್ಕಿಂತ ಸರಾಸರಿ 8.6% ಸಣ್ಣದಿತ್ತು ಅಂತ 2020ರ ವರದಿ. ಅಂದ್ರ ಎಲ್ಲಾ ಗಾಯ ಮಾಯ್ತಾವ ಅಂತ ಯಾರೂ ಹೇಳಾಕತ್ತಿಲ್ಲ.

ಆದ್ರ 1999ರಾಗ ಅಮೆರಿಕದ ಮೆದುಳಿನ ಸಂಶೋಧಕ ಜೇ ಗೀಡ್ ಅವ್ರ ತಂಡ ಅದದೇ ಮಕ್ಕಳಿಗೆ ಮತ್ತ ಮತ್ತ ಎಂಆರ್‌ಐ ಮಾಡಿ ತೋರ್ಸಿದ್ದು ಬೇರೆ. ಹಣಿ ಹಿಂದಿನ ಭಾಗದ ಬೂದು ಪದರ 11-12 ವರ್ಷದ ತನಕ ದಪ್ಪ ಆಗಿ ಆಮ್ಯಾಲೆ ಇಳೀತೈತಿ, ಬಳಸದ ಜೋಡಣಿ ಹೋಗ್ತಾವ, ಬಳಸಿದ್ದು ಗಟ್ಟಿ ಆಗ್ತಾವ, ಈ ಕೆಲ್ಸ ಇಪ್ಪತ್ತು ದಾಟಿದ್ರೂ ನಡದಿರತೈತಿ. ಸಿಟ್ಟು ತಡಕೊಳ್ಳೋದು, ಮುಂದಿನದು ಯೋಚ್ನೆ ಮಾಡೋದು ಇದೇ ಭಾಗದ ಕೆಲ್ಸ.

ಇನ್ನ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕಿ ಮೇಗನ್ ಗನ್ನರ್ ಕಂಡಿದ್ದು. ಅನಾಥಾಲಯದಾಗ ಬೆಳ್ದ ಮಕ್ಕಳಿಗೆ ಹೆದ್ರಿಕಿ ಆದಾಗ ಏರಬೇಕಾದ ಕಾರ್ಟಿಸಾಲ್ ಹಾರ್ಮೋನ್ ಸರಿಯಾಗಿ ಏರೋದೇ ಇಲ್ಲ, ಒಳ್ಳೇ ಮನಿಗೆ ದತ್ತು ಹೋಗಿ ವರ್ಷಗಟ್ಲೆ ಆದ್ರೂ ಹಂಗೇ ಇರತೈತಿ. 2019ರಾಗ ಅವ್ರ ತಂಡ 7ರಿಂದ 15 ವರ್ಷದ ಇಂಥ ಮಕ್ಕಳಿಗೆ ಅಪರಿಚಿತರ ಮುಂದ ಭಾಷಣ, ಲೆಕ್ಕ ಮಾಡ್ಸಿ ನೋಡಿದ್ರ, ಪ್ರಾಯಕ್ಕ ಬಂದಂಗೆಲ್ಲಾ ಆ ಏರಿಳಿತ ಉಳದ ಮಕ್ಕಳಂಗ ಆಗ್ತಾ ಬಂದಿತ್ತು. ಅಂದ್ರ ಆ ವಯಸ್ಸಿನಾಗ ಮೈ ಇನ್ನೊಂದ್ ಸಲ ಲೆಕ್ಕ ಹಾಕ್ಕೊಳ್ತೈತಿ, ಹಳೇ ಕಷ್ಟ ನೋಡಿ ಅಲ್ಲ, ಈಗಿನ ಪರಿಸ್ಥಿತಿ ನೋಡಿ. ಕಾರ್ಟಿಸಾಲ್ ಸರಿ ಆದ್ರ ಮನಸ್ಸಿನ ನೋವೂ ಹೋತು ಅಂತಲ್ಲ, ಅದು ಬೇರೆ ಮಾತು.

ಈಗಿನ ಪರಿಸ್ಥಿತಿ ಅಂದ್ನೆಲ್ಲ, ನಮ್ಮ ಕಡೆ ಗಂಟು ಬಿದ್ದಿರೋದು ಅಲ್ಲೇ. ಹತ್ತಿ ಬೀಜದ ಕ್ರಾಸಿಂಗಿಗೆ (ಹೂವಿಗೆ ಕೈಲೇ ಪರಾಗ ಹಚ್ಚೋ ಕೂಲಿಗೆ) ಶಾಲಿ ಬಿಡ್ಸೋದು, ಹುಡುಗಿಗೆ ವರ ನೋಡೋದು (2017ರಿಂದ ಕರ್ನಾಟಕದಾಗ ಬಾಲ್ಯವಿವಾಹ ಮೊದಲಿಂದ್ಲೇ ಅಸಿಂಧು, ಆದ್ರೂ), ಹತ್ತನೇತಿ ಫೇಲಾತು ಅಂತ ಹುಡುಗನ ಹಾಸ್ಟೆಲ್ ಸೀಟು ಹೋಗೋದು, ಎಲ್ಲಾ ಅದೇ ಹದಿಮೂರರಿಂದ ಹದಿನೆಂಟರೊಳಗ. ಸರ್ಕಾರದ ಲೆಕ್ಕದಾಗ ಈ ವಯಸ್ಸಿಗೆ ಏನೂ ಇಲ್ಲ ಅಂತಲ್ಲ, 2014ರಾಗ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದೋರಿಗೇ ಐತಿ, ಸರ್ಕಾರಿ ಆಸ್ಪತ್ರ್ಯಾಗ ಸ್ನೇಹ ಕ್ಲಿನಿಕ್ ಅಂತ ಬೋರ್ಡ್ ಹಾಕಿರ್ತಾರ, ಪುಕ್ಕಟೆ ಕೂತು ಮಾತಾಡಬಹುದು. ಅದು ಗೊತ್ತಿರೋ ಹುಡುಗ್ರು ಮಾತ್ರ ನನಗ ಸಿಕ್ಕಿದ್ದು ಭಾಳ ಕಮ್ಮಿ.